ಊರು ಬಿಟ್ಟ ದೇವರು, ಊರು ಬಿಡದ ದೈವ

ಮುಂಬಯಿ ದ್ವೀಪನಗರದ ಈಶಾನ್ಯ ಅಂಚಿನಲ್ಲಿ, ಮಾಟುಂಗ, ವಡಾಲ ಮತ್ತು ಸಯನ್ ಕೋಳಿವಾಡಗಳ ನಡುವೆ ತಲೆಯೆತ್ತಿರುವ ಆಂಟಾಪ್ ಹಿಲ್ ಹೆಸರಿಗೆ ಗುಡ್ಡವಾದರೂ ಎತ್ತರದಲ್ಲಿ ಒಂದು ದಿಬ್ಬಕ್ಕಿಂತ ಹೆಚ್ಚಿನದಲ್ಲ. ಅದರ ಪೂರ್ವಕ್ಕೆ ಖಾರಿಯವರೆಗೂ ಹಬ್ಬಿದ್ದ ತಗ್ಗು ನೆಲ ಬಹುಕಾಲ ಉಪ್ಪಿನ ಆಗರಗಳಿಗೆ ಮೀಸಲಾಗಿತ್ತು; ಇಂದು ಜನನಿಬಿಡವಾಗಿರುವ ಕೊಕ್ರಿ ಆಗರದಂತಹ ಬಡಾವಣೆಗಳು ಆ ಕಾಲದ ಕಸುಬನ್ನು ಹೆಸರಿನಲ್ಲಿ ಮಾತ್ರ ಉಳಿಸಿಕೊಂಡಿವೆ. ಸಮುದ್ರದ ನೀರನ್ನು ಕಟ್ಟಿ ನಿಲ್ಲಿಸಿ ಬಿಸಿಲಿಗೆ ಒಣಗಿಸುವ ಈ ಕೆಲಸ ಮಾಡುತ್ತಿದ್ದವರು ಮುಖ್ಯವಾಗಿ ಆಗ್ರಿ ಸಮುದಾಯದವರು. ನೆರೆಯಲ್ಲಿ ಮೀನುಗಾರ ಕೋಳಿಗಳಿದ್ದರು. ಹೊರಗಿನಿಂದ ಬಂದವರು ಇಲ್ಲಿ ಬಹುಸಂಖ್ಯಾತರಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಂದು ನೂರು ವರ್ಷಗಳಲ್ಲಿ ಈ ನೆರೆಹೊರೆಗೆ ಬಂದು ನೆಲೆಸಿದವರಲ್ಲಿ ಕರಾವಳಿಯ ತುಳುವರು, ಕೊಂಕಣಿಗರು, ಮೈಸೂರು ಸೀಮೆಯವರು, ವಿಜಯಪುರ ಕಲಬುರಗಿಗಳ ಕೂಲಿಕಾರರು ಎಲ್ಲರೂ ಇದ್ದಾರೆ. ಅವರು ತಂದ ದೇವರುಗಳು ಯಾವುವು, ತರಲಾಗದೆ ಊರಿನಲ್ಲಿಯೇ ಬಿಟ್ಟುಬಂದ ದೇವರುಗಳು ಯಾವುವು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಧರ್ಮವು ಸಮಾಜದಲ್ಲಿ ಮಾಡುವ ಕೆಲಸದ ಬಗ್ಗೆ ಅನೇಕ ಸಿದ್ಧಾಂತಗಳನ್ನು ಇದೇ ನೆಲದ ಮೇಲೆ ಒರೆಗೆ ಹಚ್ಚಬಹುದು.

ವಲಸೆಗಾರರು ಬರುವ ಮೊದಲೇ ಇಲ್ಲಿ ಎರಡು ಪುಣ್ಯಸ್ಥಳಗಳಿದ್ದವು. ಒಂದು, ವಡಾಲದ ವಿಠ್ಠಲ ಮಂದಿರ. ಅದರ ಮೂಲವನ್ನು ಐತಿಹ್ಯವು ಉಪ್ಪಿನ ವ್ಯಾಪಾರಕ್ಕೂ ಸಂತ ತುಕಾರಾಮರಿಗೂ ತಳಕು ಹಾಕುತ್ತದೆ, ಪಂಢರಪುರಕ್ಕೆ ಹೋಗಲಾಗದ ನಗರವಾಸಿಗಳು ಆಷಾಢ ಏಕಾದಶಿಯಂದು ಇಂದಿಗೂ ಅಲ್ಲಿ ಸಾಲುಗಟ್ಟುತ್ತಾರೆ. ಇನ್ನೊಂದು, ಆಂಟಾಪ್ ಹಿಲ್‌ನ ಶೇಖ್ ಮಿಸ್ರಿ ದರ್ಗಾ. ಮಿಸ್ರ್ ಎಂದರೆ ಈಜಿಪ್ಟ್, ಅಲ್ಲಿಂದ ಬಂದ ಸೂಫಿ ಎಂದೇ ಆ ಸಂತನನ್ನು ಜನ ನಂಬುತ್ತಾರೆ. ಗಮನಿಸಬೇಕಾದ ಅಂಶವೆಂದರೆ, ಇವರಿಬ್ಬರೂ ಬೇರೆಡೆಯಿಂದ ಬಂದವರೇ. ವಿಠ್ಠಲನ ಮೂಲವನ್ನು ಕುರಿತು ಮರಾಠಿ ವಿದ್ವಾಂಸ ರಾ. ಚಿಂ. ಢೇರೆ 1984ರಲ್ಲಿ ಪ್ರಕಟಿಸಿದ ‘ಶ್ರೀವಿಠ್ಠಲ್: ಏಕ್ ಮಹಾಸಮನ್ವಯ್’ ಗ್ರಂಥವು ಆ ದೇವರು ದಕ್ಷಿಣದ ದನಗಾಹಿ ಕುರಿಗಾಹಿಗಳ ನಡುವೆ ಹುಟ್ಟಿ, ಕನ್ನಡ ನಾಡಿನ ಸಂಬಂಧವನ್ನು ಮೈಯಲ್ಲಿ ಹೊತ್ತು, ಕ್ರಮೇಣ ವಿಷ್ಣುವಿನ ರೂಪ ಪಡೆದನೆಂದು ವಾದಿಸುತ್ತದೆ; ಧಾರವಾಡದ ಶಂ. ಬಾ. ಜೋಶಿಯವರು ಕನ್ನಡ ಮತ್ತು ಮರಾಠಿ ಸಂಸ್ಕೃತಿಗಳು ಒಂದೇ ಬೇರಿನಿಂದ ಒಡೆದ ಬಗೆಯನ್ನು ಅದಕ್ಕೂ ಮೊದಲೇ ಶೋಧಿಸಿದ್ದರು. ಹಾಗಾಗಿ ವಡಾಲದ ಮಟ್ಟಿಗೆ ಮೊದಲು ಬಂದ ಕನ್ನಡಿಗ ವಿಠ್ಠಲನೇ ಎಂದು ಯಾರಾದರೂ ಹೇಳಿದರೆ ಅದನ್ನು ಪೂರ್ತಿ ತಮಾಷೆಯೆಂದು ತಳ್ಳಿಹಾಕುವಂತಿಲ್ಲ.

ಈ ಭಾಗವನ್ನು ನಗರವಾಗಿಸಿದ್ದು ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿ ಬಂದರಿನ ಕಿಕ್ಕಿರಿದ ಓಣಿಗಳಲ್ಲಿ ಡಾ. ಅಕಾಸಿಯೊ ವಿಯೇಗಸ್ ಗುರುತಿಸಿದ ಆ ರೋಗವು ಸಾವಿರಾರು ಜನರನ್ನು ಬಲಿತೆಗೆದುಕೊಂಡು, ಇನ್ನೂ ಹೆಚ್ಚು ಜನರನ್ನು ಊರು ಬಿಡಿಸಿದ ಮೇಲೆ, ಸರ್ಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪಿಸಿ, ಗಾಳಿ ಬೆಳಕಿಲ್ಲದ ಹಳೆಯ ಕೇರಿಗಳಿಗೆ ಪರ್ಯಾಯವಾಗಿ ದಾದರ್, ಮಾಟುಂಗ, ವಡಾಲ, ಸಯನ್‌ಗಳ ಹೊಲಗದ್ದೆಗಳ ಮೇಲೆ ಅಗಲ ರಸ್ತೆಗಳ ಬಡಾವಣೆಗಳನ್ನು ಎಳೆಯಿತು. ಅಲ್ಲಿ ಪಾರ್ಸಿ ಕಾಲೊನಿ, ಹಿಂದೂ ಕಾಲೊನಿ ಎಂದು ಹೆಸರಿನಲ್ಲಿಯೇ ಸಮುದಾಯವನ್ನು ಸಾರುವ ವಸತಿಗಳು ಎದ್ದವು. ಆಧುನಿಕ ನಗರ ಯೋಜನೆಯೊಂದು ಮನೆಗಳನ್ನು ಧರ್ಮ ಜಾತಿಗಳ ಲೆಕ್ಕದಲ್ಲಿ ತುಂಬಿಸಿಕೊಂಡದ್ದು ವಿಪರ್ಯಾಸವೆಂದು ಇಂದು ಕಾಣಬಹುದು. ಆದರೆ ಬಾಡಿಗೆ ಮನೆಯ ನೆರೆಯವನು ಏನು ಬೇಯಿಸುತ್ತಾನೆಂಬುದು ಆಗ ಸಣ್ಣ ಪ್ರಶ್ನೆಯಾಗಿರಲಿಲ್ಲ.

ಮಾಟುಂಗಕ್ಕೆ ದಕ್ಷಿಣದವರು ಬಂದದ್ದು ಈ ಹಿನ್ನೆಲೆಯಲ್ಲಿ. ಗುಮಾಸ್ತಗಿರಿ ಹುಡುಕಿ ಬಂದ ತಮಿಳು ಬ್ರಾಹ್ಮಣರ ಸುತ್ತ 1923ರಲ್ಲಿ ಆಸ್ತಿಕ ಸಮಾಜವೂ 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯೂ ರೂಪುಗೊಂಡರೆ, 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು. ಊರಿನಲ್ಲಿದ್ದಾಗ ಒಬ್ಬರನ್ನೊಬ್ಬರು ಬಂಧುಗಳೆಂದು ಎಂದೂ ಎಣಿಸಿರದ ಜನರು ಇಲ್ಲಿ ‘ದಕ್ಷಿಣ ಭಾರತೀಯ’ ಎಂಬ ಹೊಸ ಗುರುತಿನಡಿ ಒಂದಾದ ಬಗೆಯನ್ನು ಇತಿಹಾಸಕಾರ ನಿಖಿಲ್ ರಾವ್ ಮಾಟುಂಗದ ವಸತಿಗೃಹಗಳ ಅಧ್ಯಯನದಲ್ಲಿ ತೋರಿಸಿದ್ದಾರೆ. ಕನ್ನಡಿಗರ ಬರವಿಗೆ ಬೇರೆ ಕಾರಣಗಳೂ ಇದ್ದವು. ಧಾರವಾಡ, ಬೆಳಗಾವಿ, ವಿಜಯಪುರಗಳು ಮೊದಲಿನಿಂದಲೂ, ಉತ್ತರ ಕನ್ನಡ 1862ರಿಂದಲೂ ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದುದರಿಂದ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿಯವರಿಗೆ ಮುಂಬಯಿ ಎಂದರೆ ರಾಜಧಾನಿ. ಕೋರ್ಟು, ಕಚೇರಿ, ವಿಶ್ವವಿದ್ಯಾಲಯ ಎಲ್ಲವೂ ಅಲ್ಲಿಯೇ. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದವರಿಗೂ ರಸ್ತೆಗಿಂತ ಹಡಗಿನ ದಾರಿಯೇ ಸುಲಭವಾಗಿ, ಮಂಗಳೂರಿನಿಂದ ಹೊರಟ ಹುಡುಗ ಮದರಾಸಿನ ಬದಲು ಮುಂಬಯಿಯಲ್ಲಿ ಇಳಿಯುತ್ತಿದ್ದ. ಅವನಿಗೆ ಕಾದಿದ್ದ ಕೆಲಸ ಬಹುಮಟ್ಟಿಗೆ ಹೋಟೆಲಿನದು. 1942ರಲ್ಲಿ ಎ. ರಾಮ ನಾಯಕರು ಮಾಟುಂಗ ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತನ್ನ ಹೆಸರಿನಲ್ಲಿಯೇ ಒಂದು ದೇವಸ್ಥಾನವನ್ನು ಇಟ್ಟುಕೊಂಡಿತು. ಅಷ್ಟಮಠಗಳ ಊಟದ ಖ್ಯಾತಿಯನ್ನು ನೆನಪಿಸುವ ಆ ಹೆಸರು, ಬಾಳೆಎಲೆಯ ಮುಂದೆ ಕೂತ ಪರಸ್ಥಳದ ಗಿರಾಕಿಗೆ ಅಡುಗೆಮನೆಯ ಮಡಿಯ ಬಗ್ಗೆ ಕೊಟ್ಟ ಭರವಸೆಯೂ ಆಗಿತ್ತು.

ಇದೇ ವರ್ಷಗಳಲ್ಲಿ, ಕೆಲವು ಮೈಲಿ ದಕ್ಷಿಣಕ್ಕೆ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಧರ್ಮವನ್ನು ಭಕ್ತನಾಗಿಯೂ ಅಲ್ಲದೆ ಖಂಡಿಸುವವನಾಗಿಯೂ ಅಲ್ಲದೆ ನೋಡುವ ಒಂದು ಶಿಸ್ತು ಬೇರೂರುತ್ತಿತ್ತು. 1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಆರಂಭಿಸಿದ ಸಮಾಜಶಾಸ್ತ್ರ ವಿಭಾಗಕ್ಕೆ 1924ರಲ್ಲಿ ಕೇಂಬ್ರಿಜ್‌ನಿಂದ ಮರಳಿದ ಮಾಲ್ವಣದ ಜಿ. ಎಸ್. ಘುರ್ಯೆ ಸೇರಿಕೊಂಡು, ಮುಂದಿನ ಮೂರೂವರೆ ದಶಕ ಅದನ್ನು ನಡೆಸಿದರು. ಸಂಸ್ಕೃತ ಪಂಡಿತರಾಗಿದ್ದ ಘುರ್ಯೆಯವರಿಗೆ ಗ್ರಂಥಗಳ ಆಧಾರದಿಂದ ಸಮಾಜವನ್ನು ಓದುವುದು ಸಹಜವಾಗಿತ್ತು. ಆದರೆ ತಮ್ಮ ವಿದ್ಯಾರ್ಥಿಗಳನ್ನು ಅವರು ಕ್ಷೇತ್ರಕಾರ್ಯಕ್ಕೆ, ಅಂದರೆ ಜನರಿರುವಲ್ಲಿಗೇ ಹೋಗಿ ಕಂಡು ಕೇಳಿ ಬರೆಯುವ ಕೆಲಸಕ್ಕೆ, ಅಟ್ಟುತ್ತಿದ್ದರು. ಹಾಗೆ ಹೊರಟವರಲ್ಲಿ ಒಬ್ಬರು 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸ್. ಮೈಸೂರಿನ ಮದುವೆ ಮತ್ತು ಕುಟುಂಬ ಪದ್ಧತಿಗಳ ಬಗ್ಗೆ ಮುಂಬಯಿಯಲ್ಲಿ ಬರೆದ ಅವರ ಪ್ರಬಂಧ 1942ರಲ್ಲಿ ಪುಸ್ತಕವಾಯಿತು; ಅಷ್ಟರಲ್ಲಿ ಅವರು ಕೊಡಗಿನಲ್ಲಿ ಕೊಡವರ ಬದುಕನ್ನು ಟಿಪ್ಪಣಿ ಮಾಡುತ್ತಿದ್ದರು. 1944ರಲ್ಲಿ ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧವನ್ನು ಹೊತ್ತು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ, ಅಲ್ಲಿ ಎ. ಆರ್. ರ್ಯಾಡ್‌ಕ್ಲಿಫ್ ಬ್ರೌನ್ ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಮರಳಿ ನೋಡಲು ಸೂಚಿಸಿದರು. ಆ ದೃಷ್ಟಿಯ ಹೆಸರು ಕಾರ್ಯವಾದ: ಒಂದು ಆಚರಣೆ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಅದು ಸಮಾಜವನ್ನು ಒಟ್ಟಾಗಿಡುವಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಕೇಳುವ ಕ್ರಮ. ಅದರ ಫಲವಾಗಿ 1952ರಲ್ಲಿ ಹೊರಬಂದ ಗ್ರಂಥವೇ ‘ರಿಲಿಜನ್ ಅಂಡ್ ಸೊಸೈಟಿ ಅಮಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’.

ಆ ಗ್ರಂಥದ ಸೊಗಸು ಅದರ ಸಿದ್ಧಾಂತಕ್ಕಿಂತ ವಿವರಗಳಲ್ಲಿದೆ. ‘ಮಂಗಲ’ ಎಂಬ ಕೊಡವ ಆಚರಣೆಯಲ್ಲಿ ವ್ಯಕ್ತಿಯನ್ನು ಮುಕ್ಕಾಲಿಯ, ಎಂದರೆ ಮೂರು ಕಾಲಿನ ಮಣೆಯ, ಮೇಲೆ ಪೂರ್ವಾಭಿಮುಖವಾಗಿ ಕೂರಿಸಿ, ಬಂಧುಗಳು ಒಬ್ಬೊಬ್ಬರಾಗಿ ಬಂದು ಅಕ್ಕಿ ಚೆಲ್ಲಿ, ಕಿಂಡಿ ಎಂಬ ಮೂತಿಯ ಪಾತ್ರೆಯಿಂದ ಹಾಲು ಕುಡಿಸಿ ಹರಸುತ್ತಾರೆ. ಮದುವೆಗಷ್ಟೇ ಅಲ್ಲ, ಹುಲಿ ಕೊಂದ ವೀರನಿಗೂ ಇದೇ ಮಂಗಲ ನಡೆಯುತ್ತಿತ್ತು. ಅದಕ್ಕೆ ನರಿ ಮಂಗಲ ಎಂದು ಹೆಸರು, ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಒಂದೇ ಮೂಲಪುರುಷನಿಂದ ಬಂದು ಆಸ್ತಿ, ಐನ್‌ಮನೆ, ಹಿರಿಯರ ಪೂಜೆಗಳನ್ನು ಹಂಚಿಕೊಂಡ ಕುಲಕ್ಕೆ ‘ಒಕ್ಕ’ ಎನ್ನುತ್ತಾರೆ. ಒಕ್ಕ, ಊರು, ನಾಡು ಹೀಗೆ ಒಂದೊಂದು ಮಟ್ಟದ ಒಗ್ಗಟ್ಟಿಗೆ ಒಂದೊಂದು ಆಚರಣೆ ಹೇಗೆ ಗೂಟವಾಗಿ ನಿಲ್ಲುತ್ತದೆಂದು ಶ್ರೀನಿವಾಸ್ ತೋರಿಸಿದರು. ಈ ವಿವರಗಳ ಹಿಂದೆ ನಡಿಕೇರಿಯಂಡ ಚಿಣ್ಣಪ್ಪನವರು ಹಾಡು ಮತ್ತು ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿದ ‘ಪಟ್ಟೋಲೆ ಪಳಮೆ’ಯ ದುಡಿಮೆಯೂ ಇದೆ. ವಿಶ್ವವಿದ್ಯಾಲಯದ ಹೊರಗೆ, ಪೊಲೀಸ್ ಇಲಾಖೆಯ ನೌಕರನೊಬ್ಬ ಕೈಗೊಂಡ ಈ ಸಂಗ್ರಹವನ್ನು ಶಾಸ್ತ್ರದ ಇತಿಹಾಸಗಳು ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಗ್ರಂಥದಿಂದ ಜಗತ್ತಿಗೆ ಹೆಚ್ಚು ಪರಿಚಿತವಾದದ್ದು ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ: ಕೆಳಗಿನ ಅಥವಾ ನಡುವಿನ ಜಾತಿಯೊಂದು ಮಾಂಸ ಮದ್ಯಗಳನ್ನು ಬಿಟ್ಟು, ಮೇಲಿನವರ ಆಚಾರ ದೇವತೆಗಳನ್ನು ಅಳವಡಿಸಿಕೊಂಡು ಅಂತಸ್ತನ್ನು ಏರಿಸಿಕೊಳ್ಳುವ ಕ್ರಮ. ಜನಿವಾರ ಧರಿಸಿ ಸಸ್ಯಾಹಾರಿಗಳಾದ ಅಮ್ಮಕೊಡವರು ಇದಕ್ಕೆ ಕೈಗೆಟುಕುವ ಉದಾಹರಣೆಯಾಗಿದ್ದರು. ಆದರೆ ಇಲ್ಲಿಯ ಚರ್ಚೆಗೆ ಹೆಚ್ಚು ಬೇಕಾದದ್ದು ಅದೇ ಗ್ರಂಥದ ಇನ್ನೊಂದು, ಅಷ್ಟಾಗಿ ಹೆಸರಾಗದ ವಿಂಗಡಣೆ. ಹಿಂದೂ ದೇವತೆ ಮತ್ತು ಆಚರಣೆಗಳನ್ನು ಅವು ಹಬ್ಬಿರುವ ವ್ಯಾಪ್ತಿಯ ಮೇಲೆ ಶ್ರೀನಿವಾಸ್ ನಾಲ್ಕಾಗಿ ನೋಡಿದರು: ಅಖಿಲ ಭಾರತ ವ್ಯಾಪ್ತಿಯವು, ದಕ್ಷಿಣದ ಪರ್ಯಾಯ ದ್ವೀಪದ ವ್ಯಾಪ್ತಿಯವು, ಪ್ರಾದೇಶಿಕವಾದವು, ಸ್ಥಳೀಯವಾದವು. ವ್ಯಾಪ್ತಿ ಹಿಗ್ಗಿದಂತೆ ಸಂಸ್ಕೃತದ ಅಂಶ ಹೆಚ್ಚುತ್ತದೆ, ಕುಗ್ಗಿದಂತೆ ಆ ನೆಲದ ಗುಣ ಗಟ್ಟಿಯಾಗುತ್ತದೆ. ಒಂದು ಪುಟ್ಟ ಗುಡ್ಡನಾಡನ್ನು ನೋಡಿ ಮಾಡಿದ ಈ ಲೆಕ್ಕ, ಅದನ್ನು ಬರೆದವರು ಓದಿದ ನಗರದ ಹೊರವಲಯದಲ್ಲಿಯೇ ಕಣ್ಣಿಗೆ ಕಾಣುವಂತೆ ನಡೆಯುತ್ತಿತ್ತು.

ಹಡಗು ಹತ್ತಿ ಬಂದ ದೇವರುಗಳು ಬಹುಪಾಲು ವಿಶಾಲ ವ್ಯಾಪ್ತಿಯವರು. ಸಾರಸ್ವತರು ತಮ್ಮ ಮಠಗಳೊಂದಿಗೆ ಬಂದರು. ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾದ ಭಾನಪರು 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕನ್ನೂ 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ನನ್ನೂ 1915ರಲ್ಲಿ ಗಾಮ್‌ದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ ಕಟ್ಟಿದ ಕಥೆಯನ್ನು ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ 1977ರ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಮಠಕ್ಕೆ ಪ್ರತಿ ಮನೆಯೂ ಕೊಡಬೇಕಾಗಿದ್ದ ವಂತಿಗೆಯ ಶಿಸ್ತಿಗೂ ಬ್ಯಾಂಕಿನ ಶೇರು ಹಣದ ಶಿಸ್ತಿಗೂ ನಂಟು ಕಲ್ಪಿಸುವುದು ಅತಿಯಾಗಲಾರದು. ಪರಸ್ಪರ ಬಲ್ಲ, ಒಬ್ಬನೇ ಗುರುವಿಗೆ ತಲೆಬಾಗುವ ಜನರ ನಡುವೆ ಸಾಲ ಮುಳುಗುವ ಭಯ ಕಡಿಮೆ. ಗೌಡ ಸಾರಸ್ವತರಿಗೆ ವಡಾಲದ ಕಾಟ್ರಕ್ ರಸ್ತೆಯಲ್ಲಿ ಗೋಕರ್ಣ ಪರ್ತಗಾಳಿ ಜೀವೋತ್ತಮ ಮಠದ ದ್ವಾರಕಾನಾಥ ಭವನ ಮತ್ತು ರಾಮಮಂದಿರ ಕೇಂದ್ರವಾಯಿತು. ಮದುವೆ, ಉಪನಯನ, ಶ್ರಾದ್ಧ, ಸಭೆ ಎಲ್ಲಕ್ಕೂ ಒಂದೇ ಛಾವಣಿ. ಎರಡು ಕೋಣೆಯ ಮನೆಯಲ್ಲಿ ನಡೆಸಲಾಗದ ಕರ್ಮಗಳಿಗೆ ಇಂಥ ಛಾವಣಿ ಒದಗಿದ ಮೇಲೆಯೇ ವಲಸೆಗಾರನಿಗೆ ಈ ನಗರದಲ್ಲಿ ಹೆಂಡತಿ ಮಕ್ಕಳನ್ನು ಕರೆತಂದು ನಿಲ್ಲುವ ಧೈರ್ಯ ಬಂದದ್ದು.

ಬಿಲ್ಲವರ ದಾರಿ ಬೇರೆ. ಊರಿನ ದೇವಸ್ಥಾನಗಳ ಒಳಗೆ ಕಾಲಿಡಲಾಗದಿದ್ದ ಈ ಸಮುದಾಯಕ್ಕೆ ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿ ಕೊಟ್ಟಿದ್ದರು. 1932ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಆ ಗುರುವಿನ ಹೆಸರಿನಲ್ಲಿ ರಾತ್ರಿಶಾಲೆ ನಡೆಸಿ, ಹಗಲು ಹೋಟೆಲಿನಲ್ಲಿ ಬಟ್ಟಲು ತೊಳೆದ ಹುಡುಗರಿಗೆ ಕನ್ನಡದಲ್ಲಿ ಪಾಠ ಹೇಳಿಸಿತು, 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕನ್ನೂ ಕಟ್ಟಿತು. ಇದನ್ನು ಸಂಸ್ಕೃತೀಕರಣವೆಂದು ಕರೆದು ಮುಗಿಸುವುದು ಸುಲಭ, ಆದರೆ ಸರಿಯಲ್ಲ. ಮೇಲಿನವರ ದೇವರನ್ನು ಪಡೆದುಕೊಂಡರೂ ಮೇಲಿನವರ ಅನುಮತಿಯನ್ನು ಕೇಳದ ಈ ನಡೆಯಲ್ಲಿ ಅನುಕರಣೆಗಿಂತ ಹಕ್ಕಿನ ದನಿ ಗಟ್ಟಿಯಾಗಿದೆ. ತುಳು ಕನ್ನಡಿಗರಲ್ಲಿ ವ್ಯಾಪಕವಾಗಿ ಬೆಳೆದ ಇನ್ನೊಂದು ಆಚರಣೆ ಶನಿಪೂಜೆ. ಹಲವು ಕಡೆ ಶನಿಪೂಜಾ ಸಮಿತಿಗಳು ಹುಟ್ಟಿ, ಕಲಶವಿಟ್ಟು, ಕನ್ನಡದ ಶನಿಗ್ರಂಥವನ್ನು ಒಬ್ಬರು ರಾಗವಾಗಿ ಓದುತ್ತಿದ್ದಂತೆ ಇನ್ನೊಬ್ಬರು ತಾಳಮದ್ದಳೆಯ ಧಾಟಿಯಲ್ಲಿ ಅರ್ಥ ಹೇಳುವ ಕ್ರಮ ನೆಲೆಯೂರಿತು. ರಾಜ್ಯ ಕಳೆದುಕೊಂಡು, ಪರದೇಶದಲ್ಲಿ ಕೈಕಾಲು ಕಡಿಸಿಕೊಂಡು, ಗಾಣದ ಮನೆಯಲ್ಲಿ ದುಡಿದು, ಕೊನೆಗೆ ಎಲ್ಲವನ್ನೂ ಮರಳಿ ಪಡೆಯುವ ವಿಕ್ರಮರಾಜನ ಕಥೆ ಹೋಟೆಲಿನ ಅಟ್ಟದ ಮೇಲೆ ಮಲಗುವವನಿಗೆ ಏಕೆ ಹತ್ತಿರವಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಪೂಜೆಯ ನೆಪದಲ್ಲಿ ಕನ್ನಡ ಓದು, ಯಕ್ಷಗಾನದ ಮಾತುಗಾರಿಕೆ, ಊರವರ ಭೇಟಿ ಮೂರೂ ಒಟ್ಟಿಗೆ ನಡೆದವು.

ಬಾರದೆ ಉಳಿದದ್ದು ದೈವಗಳು. ತುಳುನಾಡಿನ ಪಂಜುರ್ಲಿ, ಜುಮಾದಿ, ಕೊರಗಜ್ಜ ಮುಂತಾದ ದೈವಗಳ ಆರಾಧನೆಗೆ ಬೇಕಾದದ್ದು ಭಕ್ತಿ ಮಾತ್ರವಲ್ಲ: ಗುತ್ತಿನ ಮನೆ (ಊರಿನ ಮುಖ್ಯ ಭೂಮಾಲೀಕ ಮನೆತನ), ಗಡಿ ಕಲ್ಲು, ದೈವಸ್ಥಾನ, ದೈವದ ವೇಷ ಕಟ್ಟುವ ಕಲಾವಿದನ ವಂಶದ ಹಕ್ಕು, ಯಾವ ಮನೆಗೆ ಮೊದಲ ಗಂಧ ಎಂಬ ಮರ್ಯಾದೆ, ಎಲ್ಲವೂ ಒಂದು ಗ್ರಾಮದ ಭೂಮಿಯೊಂದಿಗೆ ಹೆಣೆದುಕೊಂಡಿವೆ. ನಾಗಬನವೂ ಹಾಗೆಯೇ, ಮೂಲ ನಾಗನಿಗೆ ಮೂಲಸ್ಥಾನದಲ್ಲಿಯೇ ತಂಬಿಲ ಸೇವೆ. ಹೀಗಾಗಿ ಮುಂಬಯಿಯ ತುಳುವನ ಧರ್ಮ ಎರಡು ಕಡೆ ಹಂಚಿಹೋಯಿತು: ಇಲ್ಲಿ ಸಭಾಗೃಹದ ಪೂಜೆ, ಅಲ್ಲಿ ವರ್ಷಕ್ಕೊಮ್ಮೆ ನೇಮ ಎಂಬ ದೈವೋತ್ಸವ. ಆದರೆ ಶ್ರೀನಿವಾಸರ ವ್ಯಾಪ್ತಿಯ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಲಾಗದಂತೆ ಉತ್ತರ ಕರ್ನಾಟಕದ ಕೂಲಿಕಾರರು ಬೇರೆ ಸಾಕ್ಷ್ಯ ತಂದರು. ಧಾರಾವಿ ಮತ್ತು ಸುತ್ತಲಿನ ಗುಡಿಸಲು ಬಸ್ತಿಗಳಲ್ಲಿ ಯಲ್ಲಮ್ಮನ ಪುಟ್ಟ ಗುಡಿಗಳು ಎದ್ದವು. ಸವದತ್ತಿಯ ಯಲ್ಲಮ್ಮ ಸಂಸ್ಕೃತದ ಗ್ರಂಥಗಳಲ್ಲಿ ರೇಣುಕೆಯಾಗಿ ಕಾಣಿಸಿಕೊಂಡರೂ ಆರಾಧನೆಯಲ್ಲಿ ಪ್ರಾದೇಶಿಕ ದೇವತೆ; ಆದರೆ ಜೋಗತಿಯರು ತಲೆಯ ಮೇಲೆ ಹೊರುವ ಜಗ, ಅಂದರೆ ಬುಟ್ಟಿಯಲ್ಲಿಟ್ಟ ದೇವಿಯ ಮುಖ, ನಡೆದಾಡುವ ಗುಡಿಯೇ ಆಗಿರುವಾಗ ಆಕೆಗೆ ರೈಲು ಹತ್ತುವುದು ಕಷ್ಟವಾಗಲಿಲ್ಲ. ದೇವರು ಪಯಣಿಸುವುದು ಬಿಡುವುದು ಶಾಸ್ತ್ರದ ಬಲದ ಮೇಲೆ ನಿಂತಿಲ್ಲ. ಆ ದೇವರು ಭೂಮಿಯ ಒಡೆತನಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ ಎಂಬುದರ ಮೇಲೆ ನಿಂತಿದೆ. ಭೂಮಿಯೇ ಇಲ್ಲದವರ ದೇವತೆ ಹಗುರವಾಗಿ ಹೊರಟಳು.

ಧರ್ಮದ ಸಾಮಾಜಿಕ ಕೆಲಸದ ಬಗ್ಗೆ ಇನ್ನೊಂದು ಬಗೆಯ ಅಧ್ಯಯನ ಈ ನೆರೆಯಲ್ಲಿಯೇ, ದಾದರಿನ ಹಿಂದೂ ಕಾಲೊನಿಯಲ್ಲಿ, ಅಂಬೇಡ್ಕರರ ‘ರಾಜಗೃಹ’ದ ಗ್ರಂಥಾಲಯದಲ್ಲಿ ನಡೆದಿತ್ತು. 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆನೆಂದು ಘೋಷಿಸಿದ ಅವರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವವರೆಗಿನ ಎರಡು ದಶಕಗಳಲ್ಲಿ ಕೇಳಿದ ಪ್ರಶ್ನೆ ಕಾರ್ಯವಾದಿಗಳ ಪ್ರಶ್ನೆಗೆ ತಿರುಗುಬಾಣದಂತಿತ್ತು: ಆಚರಣೆ ಸಮಾಜವನ್ನು ಒಗ್ಗೂಡಿಸುತ್ತದೆ, ಸರಿ, ಆದರೆ ಯಾರನ್ನು ಹೊರಗಿಟ್ಟು? ಘುರ್ಯೆ, ಶ್ರೀನಿವಾಸರ ಶಾಲೆಗಿಂತ ಈ ಪ್ರಶ್ನೆ ಮುಂದಿನ ಕಾಲದಲ್ಲಿ ಹೆಚ್ಚು ಬಾಳಿತು.

ಸ್ವಾತಂತ್ರ್ಯದೊಂದಿಗೆ ಆಂಟಾಪ್ ಹಿಲ್‌ನ ಸುತ್ತ ಹೊಸ ಪದರಗಳು ಬಂದು ಕೂತವು. ವಿಭಜನೆಯ ನಿರಾಶ್ರಿತರಾದ ಸಿಖ್ಖರು, ಪಂಜಾಬಿಗಳು, ಸಿಂಧಿಗಳು ಸಯನ್ ಕೋಳಿವಾಡದಲ್ಲಿ ನೆಲೆ ಪಡೆದರು, ಆ ಭಾಗಕ್ಕೆ ಮುಂದೆ ಗುರು ತೇಗ್ ಬಹಾದ್ದೂರರ ಹೆಸರು ಬಂತು. ಗುಡ್ಡದ ಬುಡದಲ್ಲಿ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸ್ ಸೆಕ್ಟರುಗಳಾಗಿ ಹರಡಿ, ದೇಶದ ಎಲ್ಲ ಮೂಲೆಗಳ ಜನರನ್ನು ವರ್ಗಾವಣೆಯ ಅವಧಿಗೆ ನೆರೆಯವರನ್ನಾಗಿಸಿತು. ಅದೇ ಕಾಲದಲ್ಲಿ, 1955ರಲ್ಲಿ, ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸೇವಾ ಮಂಡಲ ಸಾರ್ವಜನಿಕ ಗಣೇಶೋತ್ಸವ ಆರಂಭಿಸಿತು. ವಡಾಲದ ಸಾರಸ್ವತರೂ ಅದೇ ದಶಕದಲ್ಲಿ ತಮ್ಮ ಗಣಪತಿಯನ್ನು ಕೂರಿಸಿದರು. ತಿಲಕರು 1893ರಲ್ಲಿ ಬೀದಿಗೆ ತಂದ ಮಹಾರಾಷ್ಟ್ರದ ಹಬ್ಬವನ್ನು ಕರಾವಳಿಯ ಸಮುದಾಯವೊಂದು ತನ್ನ ಪೂಜಾಕ್ರಮ, ತುಲಾಭಾರ, ಅನ್ನಸಂತರ್ಪಣೆಗಳೊಂದಿಗೆ ಎತ್ತಿಕೊಂಡದ್ದು ಜಾಣ ನಡೆ: ನಗರದ ಭಾಷೆಯಲ್ಲಿಯೇ ಮಾತಾಡುತ್ತ ತನ್ನ ಗುರುತನ್ನೂ ಉಳಿಸಿಕೊಂಡಿತು. 2022ರಲ್ಲಿ ಕಿಂಗ್ಸ್ ಸರ್ಕಲ್‌ನ ಮಂಡಲ ಮಾಡಿಸಿದ ವಿಮೆಯ ಮೊತ್ತ 316 ಕೋಟಿ ರೂಪಾಯಿ, 2024ರಲ್ಲಿ 400 ಕೋಟಿ ಮೀರಿತು. ಅದರಲ್ಲಿ ಚಿನ್ನ ಬೆಳ್ಳಿಗಳಿಗಿಂತ ಹೆಚ್ಚಿನ ಪಾಲು ಸ್ವಯಂಸೇವಕರು, ಅಡುಗೆಯವರು, ಅರ್ಚಕರು ಮೊದಲಾದವರ ಅಪಘಾತ ವಿಮೆಯದು.

ಒಗ್ಗೂಡಿಸುವ ಆಚರಣೆಗೆ ಇನ್ನೊಂದು ಮುಖವೂ ಇತ್ತು. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿದ ಮೇಲೆ ಮುಂಬಯಿಯಲ್ಲಿ ಆ ತಿಂಗಳೂ ಮುಂದಿನ ಜನವರಿಯಲ್ಲೂ ನಡೆದ ಗಲಭೆಗಳಲ್ಲಿ ಆಂಟಾಪ್ ಹಿಲ್ ಕೂಡ ಉರಿಯಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಬೆಂಗಳೂರಿನಲ್ಲಿ ಹುಟ್ಟಿದವರು. 1996ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರ ಆಯೋಗವನ್ನು ರದ್ದುಗೊಳಿಸಿ ಕೆಲವೇ ತಿಂಗಳಲ್ಲಿ ಮರುಜೀವಗೊಳಿಸಿತು. 1998ರ ಫೆಬ್ರವರಿಯಲ್ಲಿ ಸಲ್ಲಿಕೆಯಾದ ವರದಿ ಪೊಲೀಸ್ ಠಾಣೆಗಳ ಲೆಕ್ಕದಲ್ಲಿ ಘಟನೆಗಳನ್ನು ಬಿಡಿಸಿಟ್ಟಿದೆ, ಆಂಟಾಪ್ ಹಿಲ್ ಠಾಣೆಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಒಟ್ಟು ಸಾವುಗಳನ್ನು 900 ಎಂದು ದಾಖಲಿಸಿದ ಆಯೋಗ, ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು ಎಂದು ತಿಳಿಸಿತು. ರಸ್ತೆಯಲ್ಲಿ ನಡೆದ ಮಹಾ ಆರತಿಗಳು ಜನರನ್ನು ಕೆರಳಿಸಿ ಕಲೆಹಾಕುವ ಸಾಧನವಾದ ಬಗೆಯನ್ನೂ ಗುರುತಿಸಿತು. ಆರತಿ ಎಂಬ ಅತಿ ಪರಿಚಿತ ಆಚರಣೆ ಇಲ್ಲಿಯೂ ಒಗ್ಗಟ್ಟು ಕಟ್ಟಿತೆಂಬುದು ನಿಜ. ಅದು ಯಾರ ವಿರುದ್ಧ ಎಂದು ಕೇಳುವ ವಿಧಾನ ಮಾತ್ರ ಕೊಡಗಿನ ಗ್ರಂಥದಲ್ಲಿ ಇರಲಿಲ್ಲ. ಜಗಳಗಳಿಗಿಂತ ಸಾಮರಸ್ಯವನ್ನೇ ಹೆಚ್ಚು ಕಂಡಿತೆಂಬ ಆಕ್ಷೇಪ ಕಾರ್ಯವಾದದ ಮೇಲೆ ಮೊದಲಿನಿಂದಲೂ ಇತ್ತು.

ಊರಿನ ದೈವಗಳು ಊರಿನಲ್ಲಿಯೇ ಉಳಿದವು, ಆದರೆ ಅವುಗಳ ಆರ್ಥಿಕ ನೆಲೆ ಬದಲಾಯಿತು. ಭೂಸುಧಾರಣೆಯ ನಂತರ ಗುತ್ತಿನ ಮನೆಗಳ ಗೇಣಿ ನಿಂತಾಗ, ಕರಾವಳಿಯ ಎಷ್ಟೋ ದೈವಸ್ಥಾನಗಳ ಜೀರ್ಣೋದ್ಧಾರಕ್ಕೆ, ಬ್ರಹ್ಮಕಲಶೋತ್ಸವಕ್ಕೆ ಹಣ ಬಂದದ್ದು ಮುಂಬಯಿಯಿಂದ. ಆಮಂತ್ರಣ ಪತ್ರಿಕೆಗಳಲ್ಲಿ ಊರಿನ ಸಮಿತಿಯ ಕೆಳಗೆ ‘ಮುಂಬಯಿ ಸಮಿತಿ’ ಎಂಬ ಪ್ರತ್ಯೇಕ ಪಟ್ಟಿ ಅಚ್ಚಾಗುವುದು ರೂಢಿಯಾಯಿತು. ಮೊದಲ ಗಂಧ ಯಾರಿಗೆ ಎಂಬ ಹಳೆಯ ಮರ್ಯಾದೆಯ ಸಾಲಿನಲ್ಲಿ ದಾನಿಗೂ ಜಾಗ ಬೇಕಾಗಿ, ಗುತ್ತಿನವರಿಗೂ ಹೋಟೆಲ್ ಮಾಲೀಕರಿಗೂ ನಡುವೆ ಹೊಂದಾಣಿಕೆಗಳೂ ಮನಸ್ತಾಪಗಳೂ ಹುಟ್ಟಿದವು. ಊರಿನ ದೈವಕ್ಕೂ ನಗರದ ದೇವರಿಗೂ ಇರುವ ಅಂತರ ಮುಂದೆ ಮತ್ತೊಮ್ಮೆ ಎದ್ದು ಕಂಡಿತು. 2020ರ ಕೋವಿಡ್ ಸಾಂಕ್ರಾಮಿಕದ ವರ್ಷ ವಡಾಲದ ಜಿಎಸ್‌ಬಿ ಸಮಿತಿ ತನ್ನ ಭಾದ್ರಪದದ ಗಣೇಶೋತ್ಸವವನ್ನು ಮುಂದಿನ ಫೆಬ್ರವರಿಯ ಮಾಘ ಚತುರ್ಥಿಗೆ ಮುಂದೂಡಲು ನಿರ್ಧರಿಸಿ, ಅದಕ್ಕೆ ಮಾಘಿ ಗಣೇಶ ಜಯಂತಿಯ ಶಾಸ್ತ್ರಾಧಾರವನ್ನೂ ಕಂಡುಕೊಂಡಿತು. ಊರಿನ ನೇಮಕ್ಕೆ ಅಂಥ ಎರಡನೆಯ ತಿಥಿಯಿಲ್ಲ; ಮುಂಬಯಿ ಸಮಿತಿಯ ಸದಸ್ಯರು ಹಣ ಕಳಿಸಿ, ದೈವದ ನುಡಿಯನ್ನು ಮೊಬೈಲ್ ಫೋನಿನಲ್ಲಿ ಕೇಳಿಸಿಕೊಂಡರು.